ಉತ್ತರ ಕನ್ನಡದ ಕರಾವಳಿ ಮತ್ತು ಘಟ್ಟದ ಅಂಚಿನಲ್ಲಿ ಟೊಮೆಟೊ ಹಾಗೂ ತರಕಾರಿ ಬೆಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಟೊಮೆಟೊ ಬೇಸಾಯದ ಬಗ್ಗೆ ಕನ್ನಡದಲ್ಲಿ ಸಿಗುವ ಹೆಚ್ಚಿನ ಮಾಹಿತಿ ಬಯಲುಸೀಮೆಯ ಕೆಂಪು ಮತ್ತು ಕಪ್ಪು ಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳ ಗದ್ದೆ–ಹಿತ್ತಲುಗಳಿಗೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದಂಚಿನ ಜಾಗಗಳಿಗೂ ಅದು ಹಾಗೆಯೇ ಹೊಂದುವುದಿಲ್ಲ. ಇಲ್ಲಿನ ಮಣ್ಣು ಹುಳಿ, ಮಳೆ ಮಿತಿಮೀರಿದ್ದು, ಬೇಸಿಗೆಯ ಕೊನೆಗೆ ಬಾವಿಯ ನೀರೂ ಉಪ್ಪಾಗಬಹುದು. ಕೆಳಗಿನ ಉತ್ತರಗಳನ್ನು ಈ ಮೂರು ಸಂಗತಿಗಳನ್ನು ಮುಂದಿಟ್ಟುಕೊಂಡು ಬರೆಯಲಾಗಿದೆ.

ಕರಾವಳಿಯಲ್ಲಿ ಟೊಮೆಟೊ ಬೆಳೆಯಲು ಸಾಧ್ಯವೇ? ಪೇಟೆಗೆ ಬರುವುದೆಲ್ಲ ಘಟ್ಟದ ಮೇಲಿನದೇ ಅಲ್ಲವೇ?

ಸಾಧ್ಯವಿದೆ, ಆದರೆ ವರ್ಷವಿಡೀ ಅಲ್ಲ. ಹಗಲಿನ ಉಷ್ಣತೆ 32–35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 22 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಗಿಡ ಸೊಂಪಾಗಿ ಬೆಳೆದರೂ ಹೂ ಉದುರಿ ಕಾಯಿ ಕಚ್ಚುವುದಿಲ್ಲ. ಕರಾವಳಿಯಲ್ಲಿ ರಾತ್ರಿ ತಂಪಾಗುವುದು ಮುಖ್ಯವಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಹೂ ಬಿಡುವ ಹಂತ ಈ ಅವಧಿಗೆ ಬೀಳುವಂತೆ ನಾಟಿ ಮಾಡಿದವರಿಗೆ ಬೆಳೆ ಬರುತ್ತದೆ. ಘಟ್ಟದ ಮೇಲಿನ ರೈತರಿಗೆ ಕರಾವಳಿಗಿಂತ ತಂಪಾದ ರಾತ್ರಿಗಳ ಅನುಕೂಲವಿದೆ, ಆದರೆ ಶಿರಸಿ, ಸಿದ್ದಾಪುರಗಳ ಮಳೆಗಾಲ ಟೊಮೆಟೊಗೆ ಕರಾವಳಿಯಷ್ಟೇ ಕಠಿಣ. ವರ್ಷಪೂರ್ತಿ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಲಾರಿಯಲ್ಲಿ ಇಳಿಯುವ ಮಾಲಿನೊಂದಿಗೆ ಪೈಪೋಟಿಗೆ ಇಳಿಯುವುದಕ್ಕಿಂತ, ಜನವರಿಯಿಂದ ಮಾರ್ಚ್‌ವರೆಗೆ ಗಿಡದಲ್ಲೇ ಬಣ್ಣ ತಿರುಗಿದ ಹಣ್ಣನ್ನು ಊರಿನ ಸಂತೆಗೆ ಕೊಡುವುದು ನಮ್ಮ ಕಡೆಯ ಸಣ್ಣ ಹಿಡುವಳಿಗೆ ಹೆಚ್ಚು ಸರಿಹೊಂದುವ ದಾರಿ.

ಹಾಗಾದರೆ ಯಾವ ತಿಂಗಳಲ್ಲಿ ಸಸಿ ಮಾಡಬೇಕು?

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದೊಳಗೆ ಬೀಜ ಹಾಕಿ, 25–30 ದಿನಗಳ ಸಸಿಯನ್ನು ನವೆಂಬರ್ ಮೊದಲ ಭಾಗದಲ್ಲಿ ನಾಟಿ ಮಾಡುವುದು ಕರಾವಳಿಗೆ ಒಪ್ಪುತ್ತದೆ. ಭತ್ತದ ಕೊಯ್ಲು ತಡವಾಗುವ ಗದ್ದೆಗಳಲ್ಲಿ ಇದು ನವೆಂಬರ್ ಕೊನೆಗೆ ಹೋಗಬಹುದು. ಅದಕ್ಕಿಂತ ತಡವಾದರೆ ಕೊನೆಯ ಕಾಯಿಗಳು ಮಾರ್ಚ್–ಏಪ್ರಿಲ್ ಸೆಕೆಗೆ ಸಿಕ್ಕಿಬೀಳುತ್ತವೆ. ಸಸಿಯನ್ನು ನೆಲದ ಮಡಿಗಿಂತ ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಬೆಳೆಸುವುದು ಮೇಲು. ನಮ್ಮ ಮಣ್ಣಿನಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ ಅಡಗಿರುವ ಸಾಧ್ಯತೆ ಹೆಚ್ಚಾದ್ದರಿಂದ ಸಸಿ ಮಡಿಯಲ್ಲೇ ರೋಗ ಅಂಟಿದರೆ ಮುಂದಿನ ಯಾವ ಉಪಾಯವೂ ಫಲ ಕೊಡುವುದಿಲ್ಲ.

ಎಲೆ ಹಸಿರಾಗಿರುವಾಗಲೇ ಇಡೀ ಗಿಡ ಬಾಡಿ ಎರಡು–ಮೂರು ದಿನಗಳಲ್ಲಿ ಸಾಯುತ್ತದೆ. ನೀರು ಕೊಟ್ಟರೂ ಏಳುವುದಿಲ್ಲ. ಇದೇನು?

ನಮ್ಮ ಜಿಲ್ಲೆಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆಯುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದು. ಹಳದಿಯಾಗದೆ, ಚುಕ್ಕೆಯೂ ಇಲ್ಲದೆ ಗಿಡ ಹಠಾತ್ತನೆ ಜೋಲು ಬಿದ್ದರೆ ಅದು ಬಹುತೇಕ ರಾಲ್‌ಸ್ಟೋನಿಯಾ ಸೊಲನೇಸಿಯೇರಮ್ ಗುಂಪಿನ ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಸೊರಗು ರೋಗ. 1896ರಲ್ಲಿ ಅಮೆರಿಕದ ವಿಜ್ಞಾನಿ ಎರ್ವಿನ್ ಸ್ಮಿತ್ ಇದನ್ನು ಮೊದಲು ವಿವರಿಸಿದರು. ಬ್ಯಾಕ್ಟೀರಿಯಾ ಬೇರಿನ ಸಣ್ಣ ಗಾಯಗಳ ಮೂಲಕ ಒಳಹೊಕ್ಕು, ನೀರು ಸಾಗುವ ನಾಳಗಳಲ್ಲಿ ಹೆಚ್ಚಿ, ಲೋಳೆಯಂಥ ವಸ್ತುವನ್ನು ತುಂಬಿ ದಾರಿಯನ್ನೇ ಮುಚ್ಚುತ್ತದೆ. ಆದ್ದರಿಂದಲೇ ಬುಡದಲ್ಲಿ ತೇವವಿದ್ದರೂ ತುದಿಗೆ ನೀರು ಏರುವುದಿಲ್ಲ.

ಮನೆಯಲ್ಲೇ ಪರೀಕ್ಷಿಸಬಹುದು. ಆಗಷ್ಟೇ ಬಾಡಿದ ಗಿಡದ ಕಾಂಡವನ್ನು ನೆಲದಿಂದ ಸ್ವಲ್ಪ ಮೇಲೆ ಕತ್ತರಿಸಿ, ಅದರ ತುಂಡೊಂದನ್ನು ಗಾಜಿನ ಲೋಟದಲ್ಲಿನ ತಿಳಿನೀರಿಗೆ ತುದಿ ಮಾತ್ರ ತಾಕುವಂತೆ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ತುಂಡಿನ ತುದಿಯಿಂದ ಹಾಲಿನಂಥ ಬಿಳಿ ಎಳೆಗಳು ಕೆಳಕ್ಕೆ ಇಳಿದರೆ ರೋಗ ಖಚಿತ. ಎಳೆ ಬಾರದೆ, ಕಾಂಡ ಸೀಳಿದಾಗ ಕಂದು ಗೆರೆಗಳು ಕಂಡು, ಕೆಳಗಿನ ಎಲೆಗಳು ಮೊದಲೇ ಒಂದೊಂದಾಗಿ ಹಳದಿಯಾಗುತ್ತ ಬಂದಿದ್ದರೆ ಅದು ಶಿಲೀಂಧ್ರದಿಂದ ಬರುವ ಫ್ಯುಸೇರಿಯಮ್ ಸೊರಗು ಆಗಿರಬಹುದು. ಬೇರಿನಲ್ಲಿ ಗಂಟುಗಳು ಕಂಡರೆ ಮಣ್ಣಿನ ಜಂತುಹುಳುವಿನ (ನೆಮಟೋಡ್) ಬಾಧೆಯೂ ಸೇರಿಕೊಂಡಿದೆ. ಈ ಹುಳು ಮಾಡಿದ ಗಾಯಗಳೇ ಬ್ಯಾಕ್ಟೀರಿಯಾಕ್ಕೆ ಬಾಗಿಲಾಗುತ್ತವೆ. ಯಾವುದೆಂದು ತಿಳಿಯದೆ ಅಂಗಡಿಗೆ ಹೋಗುವುದರಿಂದ ಹಣ ಹೋಗುವುದೇ ಹೊರತು ಗಿಡ ಉಳಿಯುವುದಿಲ್ಲ.

ಬೆಚ್ಚಗಿನ, ತೇವ ತುಂಬಿದ, ಹುಳಿ ಮಣ್ಣು ಈ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ನೆಲೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರಿಯುವ ನೀರು, ಗುದ್ದಲಿಗೆ ಅಂಟಿದ ಮಣ್ಣು, ರೋಗದ ಜಾಗದಿಂದ ತಂದ ಸಸಿ ಇವೆಲ್ಲ ಅದನ್ನು ಹರಡುತ್ತವೆ.

ಸೊರಗು ರೋಗಕ್ಕೆ ಔಷಧಿ ಇಲ್ಲವೇ?

ಬಾಡಿದ ಗಿಡವನ್ನು ಬದುಕಿಸುವ ಔಷಧಿ ಇಲ್ಲ. ಅಂಗಡಿಗಳಲ್ಲಿ ಬಹಳ ಕಾಲ ಸಲಹೆ ನೀಡುತ್ತಿದ್ದ ಸ್ಟ್ರೆಪ್ಟೋಮೈಸಿನ್ ಮಿಶ್ರಣವನ್ನು ಬುಡಕ್ಕೆ ಹಾಕಿದರೂ ಮಣ್ಣಿನಾಳದ ಬ್ಯಾಕ್ಟೀರಿಯಾವನ್ನು ಅದು ತಲುಪಿ ನಿವಾರಿಸುವುದಿಲ್ಲ; ಮನುಷ್ಯರ ಕಾಯಿಲೆಗೆ ಬೇಕಾದ ಪ್ರತಿಜೀವಕವನ್ನು ಹೊಲಕ್ಕೆ ಸುರಿಯುವುದು ಬೇರೊಂದು ಅಪಾಯಕ್ಕೂ ಎಡೆಮಾಡುತ್ತದೆ. ರೋಗದ ಗಿಡವನ್ನು ಬೇರುಮಣ್ಣಿನ ಸಮೇತ ಕಿತ್ತು ಗದ್ದೆಯಿಂದ ಹೊರಗೆ ಒಯ್ದು ಸುಡುವುದು, ಆ ಗುಂಡಿಗೆ ಬ್ಲೀಚಿಂಗ್ ಪುಡಿ ಹಾಕುವುದು, ಆ ಸಾಲಿಗೆ ನೀರು ಹರಿಸುವುದನ್ನು ನಿಲ್ಲಿಸುವುದು, ಇಷ್ಟೇ ಆ ಹೊತ್ತಿನ ಕೆಲಸ. ಮುಂದಿನ ವರ್ಷಕ್ಕೆ ಉಳಿದಿರುವ ದಾರಿಗಳು ಮೂರು: ರೋಗ ತಡೆಯುವ ತಳಿ, ಕಸಿ ಮಾಡಿದ ಸಸಿ ಮತ್ತು ಬೆಳೆ ಬದಲಾವಣೆ. ಸ್ಯೂಡೋಮೋನಾಸ್ ಫ್ಲೋರೆಸೆನ್ಸ್ ಎಂಬ ಉಪಕಾರಿ ಸೂಕ್ಷ್ಮಾಣುವನ್ನು ಬೀಜಕ್ಕೂ ಸಸಿಯ ಬೇರಿಗೂ ಉಪಚರಿಸುವುದರಿಂದ ಸ್ವಲ್ಪ ಮಟ್ಟಿನ ರಕ್ಷಣೆ ಸಿಗುತ್ತದೆ, ಆದರೆ ರೋಗ ಬೇರೂರಿದ ಗದ್ದೆಯಲ್ಲಿ ಅದೊಂದನ್ನೇ ನಂಬಿ ಕೂರಬಾರದು.

ಯಾವ ತಳಿಗಳಿಗೆ ಈ ರೋಗವನ್ನು ತಡೆಯುವ ಶಕ್ತಿಯಿದೆ?

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಆಭಾ, ಅರ್ಕಾ ಆಲೋಕ್ ತಳಿಗಳನ್ನು ಸೊರಗು ರೋಗ ನಿರೋಧಕ್ಕೆಂದೇ ರೂಪಿಸಲಾಯಿತು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಸಂಕರಣಗಳು (ಹೈಬ್ರಿಡ್) ಸೊರಗು, ಎಲೆ ಮುದುಡು ನಂಜು ಹಾಗೂ ಆರಂಭಿಕ ಅಂಗಮಾರಿ ಈ ಮೂರನ್ನೂ ತಡೆಯುವಂಥವು; ಅನಂತರ ಬಂದ ಅರ್ಕಾ ಅಭೇದ್‌ನಲ್ಲಿ ಕೊನೆಯ ಅಂಗಮಾರಿಯ ನಿರೋಧವೂ ಸೇರಿದೆ. ಅರ್ಕಾ ರಕ್ಷಕ್‌ನ ಒಂದೇ ಗಿಡದಲ್ಲಿ 19 ಕಿಲೋ ಹಣ್ಣು ಬಂದ ಸುದ್ದಿ ಹಿಂದೆ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಅದು ಒಳನಾಡಿನ ಹವೆಯಲ್ಲಿ, ನಿಖರವಾದ ಗೊಬ್ಬರ–ನೀರಿನ ನಿರ್ವಹಣೆಯಲ್ಲಿ ಬಂದ ಫಲ. ಅದನ್ನು ಲೆಕ್ಕಕ್ಕೆ ಹಿಡಿದು ಇಲ್ಲಿ ಸಾಲ ಮಾಡಬಾರದು.

ನಮ್ಮ ಕಡೆಯವರು ಅಷ್ಟಾಗಿ ಗಮನಿಸದ ಇನ್ನೊಂದು ಮೂಲ ಕೇರಳ ಕೃಷಿ ವಿಶ್ವವಿದ್ಯಾಲಯ. ಅಲ್ಲಿಯೂ ನಮ್ಮದೇ ಚಿರೆಕಲ್ಲು ಮಣ್ಣು, ನಮ್ಮದೇ ಮಳೆ. ಆ ಮಣ್ಣಿನಲ್ಲಿಯೇ ಆಯ್ಕೆ ಮಾಡಿದ ಶಕ್ತಿ, ಮುಕ್ತಿ, ಅನಘ ಟೊಮೆಟೊ ತಳಿಗಳು, ಸೂರ್ಯ, ಶ್ವೇತ, ಹರಿತ ಬದನೆ ತಳಿಗಳು, ಉಜ್ವಲ, ಅನುಗ್ರಹ ಮೆಣಸಿನಕಾಯಿ ತಳಿಗಳು ಸೊರಗು ರೋಗವನ್ನು ಚೆನ್ನಾಗಿ ತಡೆಯುತ್ತವೆ. ಈ ಟೊಮೆಟೊಗಳ ಹಣ್ಣು ದೂರದ ಪೇಟೆಗೆ ಸಾಗಿಸಲು ಬೇಕಾದಷ್ಟು ಗಟ್ಟಿಯಲ್ಲ, ಆದರೆ ಮನೆಬಳಕೆಗೂ ಊರಸಂತೆಗೂ ಅದು ದೊಡ್ಡ ಕೊರತೆಯಲ್ಲ. ಇವು ಸಂಕರಣಗಳಲ್ಲವಾದ್ದರಿಂದ ಬೀಜ ಇಟ್ಟುಕೊಳ್ಳಲೂಬಹುದು.

ನಿರೋಧ ಎಂದರೆ ಪೂರ್ತಿ ವಿನಾಯಿತಿ ಎಂದಲ್ಲ. ಈ ಬ್ಯಾಕ್ಟೀರಿಯಾದಲ್ಲಿ ಅನೇಕ ಬಗೆಗಳಿದ್ದು, ಒಂದೂರಿನಲ್ಲಿ ಗೆದ್ದ ತಳಿ ಇನ್ನೊಂದೂರಿನಲ್ಲಿ ಸೋಲಬಹುದು. ಮೊದಲ ವರ್ಷ ಎರಡು–ಮೂರು ತಳಿಗಳನ್ನು ಒಂದೊಂದು ಸಾಲು ಹಾಕಿ ನೋಡುವುದು ವಿವೇಕ.

ಕಸಿ ಟೊಮೆಟೊ ಎಂದರೇನು? ಅದನ್ನು ನಾವೇ ಮಾಡಿಕೊಳ್ಳಬಹುದೇ?

ರೋಗ ತಡೆಯುವ ಬದನೆ ಅಥವಾ ಅದರ ಕಾಡುಬಂಧುವಾದ ಸುಂಡೆಯ ಬೇರಿನ ಮೇಲೆ ನಮಗೆ ಬೇಕಾದ ಟೊಮೆಟೊ ತುದಿಯನ್ನು ಕೂಡಿಸುವ ವಿಧಾನವಿದು. ತೈವಾನಿನಲ್ಲಿರುವ ವಿಶ್ವ ತರಕಾರಿ ಕೇಂದ್ರ ದಶಕಗಳಿಂದ ಇದರ ಮೇಲೆ ಕೆಲಸ ಮಾಡಿ, ಬೇರುಸಸಿಗಾಗಿ ಇಜಿ 203 ಎಂಬ ಬದನೆ ತಳಿಯನ್ನೂ ಹವಾಯಿ 7996 ಎಂಬ ಟೊಮೆಟೊ ತಳಿಯನ್ನೂ ಸೂಚಿಸಿದೆ. ಬದನೆಯ ಬೇರಿಗೆ ಇನ್ನೊಂದು ಗುಣವೂ ಇದೆ: ಟೊಮೆಟೊ ಬೇರು ನೀರು ನಿಂತ ನೆಲದಲ್ಲಿ ಬೇಗ ಕೊಳೆತರೆ, ಬದನೆಯ ಬೇರು ಕೆಲವು ದಿನಗಳ ಮಟ್ಟಿಗೆ ಅದನ್ನು ತಾಳಿಕೊಳ್ಳುತ್ತದೆ. ಅಕ್ಟೋಬರಿನಲ್ಲಿಯೂ ಒಮ್ಮೊಮ್ಮೆ ಜೋರಾಗಿ ಬಂದು ಹೋಗುವ ಮಳೆಯನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಅಡಿಕೆ ಸೀಮೆಯಲ್ಲಿ ಕಾಳುಮೆಣಸಿಗೂ ಜಾಯಿಕಾಯಿಗೂ ಕಸಿ ಕಟ್ಟುವ ಕೈಗಳು ಊರೂರಿನಲ್ಲಿವೆ. ಆ ಕೈಗಳಿಗೆ ತರಕಾರಿ ಕಸಿ ಕಷ್ಟವಲ್ಲ, ಆದರೆ ಸಸಿ ಎಳೆಯದಾದ್ದರಿಂದ ನವಿರು ಬೇಕು. ಬದನೆ ಬೀಜವನ್ನು ಟೊಮೆಟೊಗಿಂತ ಕೆಲವು ದಿನ ಮೊದಲೇ ಬಿತ್ತಬೇಕು. ಸುಂಡೆಯಾದರೆ ಮೊಳಕೆ ನಿಧಾನವಾದ್ದರಿಂದ ಎರಡು–ಮೂರು ವಾರ ಮೊದಲು. ಎರಡರ ಕಾಂಡವೂ ಒಂದೇ ದಪ್ಪಕ್ಕೆ ಬಂದಾಗ ಎರಡನ್ನೂ ಹೊಸ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಓರೆಗೆ ಓರೆ ಕೂಡಿಸಿ, ಸಣ್ಣ ಸಿಲಿಕಾನ್ ಕ್ಲಿಪ್ ಅಥವಾ ರಬ್ಬರ್ ನಳಿಕೆಯಿಂದ ಬಿಗಿಯಲಾಗುತ್ತದೆ. ಅನಂತರದ ಒಂದು ವಾರವೇ ನಿರ್ಣಾಯಕ. ಪಾಲಿಥೀನ್ ಹೊದೆಸಿದ ಸಣ್ಣ ಗೂಡಿನಲ್ಲಿ, ನೆರಳಿನಲ್ಲಿ, ಎಲೆಯ ಸುತ್ತ ಆರ್ದ್ರತೆ ಕುಗ್ಗದಂತೆ ಮೊದಲ ಕೆಲವು ದಿನ ಇಟ್ಟು, ಆಮೇಲೆ ದಿನದಿನಕ್ಕೆ ಬೆಳಕು–ಗಾಳಿ ಹೆಚ್ಚಿಸುತ್ತ ಹೋಗಬೇಕು. ಕಸಿ ಕೂಡಿದ ಗಂಟು ನಾಟಿಯ ವೇಳೆ ಮಣ್ಣಿನೊಳಗೆ ಹೋಗಬಾರದು. ಗಂಟು ಹೂತುಹೋದರೆ ಟೊಮೆಟೊ ಕಾಂಡ ತನ್ನದೇ ಬೇರು ಬಿಟ್ಟು, ರೋಗಕ್ಕೆ ಮತ್ತೆ ದಾರಿಯಾಗುತ್ತದೆ. ಬುಡಕ್ಕೆ ಮಣ್ಣು ಏರಿಸುವ ರೂಢಿಯುಳ್ಳವರು ಇದನ್ನು ಮರೆಯದಿರಬೇಕು.

ಕಸಿ ಸಸಿಯ ಖರ್ಚು ಸಾಮಾನ್ಯ ಸಸಿಗಿಂತ ಹಲವು ಪಟ್ಟು. ಸೊರಗು ರೋಗ ಇಲ್ಲದ ಹೊಸ ಗದ್ದೆಗೆ ಅದು ವ್ಯರ್ಥ. ಪ್ರತಿ ವರ್ಷ ಗಿಡ ಸಾಯುವ ಹಿತ್ತಲಿಗೆ ಅದೇ ಅಗ್ಗ.

ಭತ್ತದ ಗದ್ದೆಯಲ್ಲಿ ತರಕಾರಿ ಹಾಕಿದರೆ ರೋಗ ಕಡಿಮೆ ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಅದಕ್ಕೆ ಕಾರಣವಿದೆ. ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಆಮ್ಲಜನಕ ಸಿಗದೆ ಸೊರಗು ಬ್ಯಾಕ್ಟೀರಿಯಾದ ಸಂಖ್ಯೆ ಕುಸಿಯುತ್ತದೆ. ಬೇರುಗಂಟಿನ ಜಂತುಹುಳುವೂ ಕಡಿಮೆಯಾಗುತ್ತದೆ. ಭತ್ತ ಈ ರೋಗದ ಆಸರೆ ಬೆಳೆಯೂ ಅಲ್ಲ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರು ಮಳೆಗಾಲದ ಭತ್ತದ ಬೆನ್ನಿಗೇ ಅದೇ ಗದ್ದೆಯಲ್ಲಿ ಹರಿವೆ, ಮೂಲಂಗಿ, ಬದನೆ, ಗೆಣಸು ಬೆಳೆಯುತ್ತ ಬಂದಿರುವುದು ಕೃಷಿ ವಿಜ್ಞಾನ ಇಂದು ಶಿಫಾರಸು ಮಾಡುವ ಬೆಳೆ ಪರಿವರ್ತನೆಯೇ. ಭತ್ತ ಬಿಟ್ಟು, ಮಣ್ಣು ತುಂಬಿಸಿ ಎತ್ತರಿಸಿದ ಜಾಗದಲ್ಲಿ ವರ್ಷ ವರ್ಷವೂ ಬದನೆ–ಟೊಮೆಟೊ–ಮೆಣಸು ಹಾಕುವವರಿಗೇ ಸೊರಗು ರೋಗ ಹೆಚ್ಚು ಕಾಡುತ್ತದೆ.

ಶಿರಸಿ, ಬನವಾಸಿ, ಮುಂಡಗೋಡ ಕಡೆಯವರು ಇನ್ನೊಂದು ಎಚ್ಚರ ವಹಿಸಬೇಕು. ಶುಂಠಿಯ ಹಸಿ ಸೊರಗಿಗೂ ಇದೇ ಗುಂಪಿನ ಬ್ಯಾಕ್ಟೀರಿಯಾ ಕಾರಣ. ಶುಂಠಿ ಕೊಳೆತ ಗದ್ದೆಗೆ ಮರುವರ್ಷವೇ ಟೊಮೆಟೊ ತರಬಾರದು.

ನಮ್ಮ ಮಣ್ಣಿಗೆ ಸುಣ್ಣ ಹಾಕಲೇಬೇಕೇ?

ಟೊಮೆಟೊಗೆ ಮಣ್ಣಿನ ರಸಸಾರ (ಪಿಎಚ್) 6ರಿಂದ 7ರ ನಡುವೆ ಇದ್ದರೆ ಚೆನ್ನ. ಭಾರೀ ಮಳೆಯಲ್ಲಿ ಸುಣ್ಣದ ಅಂಶವೆಲ್ಲ ತೊಳೆದುಹೋದ ನಮ್ಮ ಚಿರೆಕಲ್ಲು ಮಣ್ಣು ಅನೇಕ ಕಡೆ 5ರ ಆಸುಪಾಸಿನಲ್ಲಿರುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಾಕಿದ ಗೊಬ್ಬರದ ಬಹುಪಾಲು ಗಿಡಕ್ಕೆ ದಕ್ಕುವುದಿಲ್ಲ. ಎಷ್ಟು ಸುಣ್ಣ ಎಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ಮರಳು ಮಿಶ್ರಿತ ಕರಾವಳಿಯ ಮಣ್ಣಿಗೆ ಕಡಿಮೆ, ಜಿಗುಟಾದ ಮಣ್ಣಿಗೆ ಹೆಚ್ಚು ಬೇಕಾಗುತ್ತದೆ. ನಾಟಿಗೆ ಎರಡು–ಮೂರು ವಾರ ಮೊದಲೇ ಹಾಕಿ ಮಣ್ಣಿನಲ್ಲಿ ಬೆರೆಸಬೇಕು, ರಾಸಾಯನಿಕ ಗೊಬ್ಬರದ ಜೊತೆಗೆ ಒಟ್ಟಿಗೆ ಹಾಕಬಾರದು. ಅಘನಾಶಿನಿ ಅಳಿವೆಯ ಚಿಪ್ಪಿನಿಂದ ಮಾಡಿದ ಸುಣ್ಣ ನಮ್ಮಲ್ಲೇ ಸಿಗುತ್ತದೆ. ಸುಟ್ಟು ಅರಳಿಸಿದ ಸುಣ್ಣ ಬೇಗ ಕೆಲಸ ಮಾಡುತ್ತದೆ, ಪ್ರಮಾಣವೂ ಕಡಿಮೆ ಸಾಕು. ಸುಡದೆ ಪುಡಿ ಮಾಡಿದ ಚಿಪ್ಪು ನಿಧಾನ, ಆದರೆ ಹೆಚ್ಚಾಗಿ ಬಿದ್ದರೂ ಹಾನಿ ಕಡಿಮೆ. ಸೊಪ್ಪಿನ ಬೆಟ್ಟದ ದರಕು (ಉದುರಿದ ಒಣ ಎಲೆ), ಕೊಟ್ಟಿಗೆ ಗೊಬ್ಬರ ಧಾರಾಳವಾಗಿದ್ದವರು ಸುಣ್ಣ ಬೇಡವೆಂದು ಭಾವಿಸಬಾರದು. ಎರಡರ ಕೆಲಸ ಬೇರೆ ಬೇರೆ.

ಕಾಯಿಯ ತುದಿ ಕಪ್ಪಾಗಿ ತಗ್ಗು ಬೀಳುತ್ತದೆ. ಇದು ರೋಗವೇ?

ಅಲ್ಲ. ಬೆಳೆಯುತ್ತಿರುವ ಕಾಯಿಯ ತುದಿಗೆ ಸುಣ್ಣದ ಅಂಶ ತಲುಪದಿದ್ದಾಗ ಹೀಗಾಗುತ್ತದೆ. ಮಣ್ಣಿನಲ್ಲಿ ಸುಣ್ಣವಿದ್ದರೂ ಒಂದು ದಿನ ತೋಯಿಸಿ ಮತ್ತೆ ನಾಲ್ಕು ದಿನ ಒಣಗಿಸಿದರೆ ಅದು ನೀರಿನೊಡನೆ ಮೇಲೇರುವುದಿಲ್ಲ. ಹದವಾದ ನೀರು, ಬುಡಕ್ಕೆ ಒಣಹುಲ್ಲಿನ ಅಥವಾ ದರಕಿನ ಹೊದಿಕೆ, ಯೂರಿಯಾದಲ್ಲಿ ಹಿಡಿತ ಇವು ಪರಿಹಾರ. ಶಿಲೀಂಧ್ರನಾಶಕ ಹೊಡೆದು ಪ್ರಯೋಜನವಿಲ್ಲ.

ಎಲೆಗಳು ಮುದುಡಿ, ಗಿಡ ಪೊದೆಯಂತಾಗಿ ಕಾಯಿಯೇ ಬಿಡುವುದಿಲ್ಲ. ಏನು ಮಾಡಬೇಕು?

ಇದು ಬಿಳಿ ನೊಣ ಹರಡುವ ಎಲೆ ಮುದುಡು ನಂಜುರೋಗ. ನಂಜು ಹೊತ್ತ ನೊಣ ತನ್ನ ಬದುಕಿನ ಬಹುಕಾಲ ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತಲೇ ಇರುತ್ತದೆ, ಮತ್ತು ಸಸಿ ಎಳೆಯದಿದ್ದಷ್ಟೂ ನಷ್ಟ ಹೆಚ್ಚು. ಆದ್ದರಿಂದ ಹೋರಾಟವೆಲ್ಲ ಸಸಿಯ ಹಂತದಲ್ಲೇ ನಡೆಯಬೇಕು. ಸಸಿ ಮಡಿಯನ್ನು 40–50 ಮೆಶ್‌ನ ನೈಲಾನ್ ಪರದೆಯೊಳಗೆ ಮಾಡುವುದು, ನಾಟಿಗೆ ಎರಡು–ಮೂರು ವಾರ ಮೊದಲೇ ಗದ್ದೆಯ ಸುತ್ತ ಎರಡು ಸಾಲು ಮೆಕ್ಕೆಜೋಳ ಬಿತ್ತಿ ಗೋಡೆ ಎಬ್ಬಿಸುವುದು, ನಾಟಿಯಾದ ಮೊದಲ ತಿಂಗಳಲ್ಲಿ ರೋಗದ ಗಿಡ ಕಂಡಕೂಡಲೇ ಕೀಳುವುದು ಇವು ಔಷಧಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಹಳದಿ ಅಂಟುಪಟ್ಟಿಗಳು ನೊಣ ಬಂದಿದೆಯೇ ಎಂದು ತಿಳಿಯಲು ಒಳ್ಳೆಯವು. ಅವುಗಳಿಂದಲೇ ನೊಣ ಮುಗಿಯುತ್ತದೆ ಎಂದು ನಂಬುವುದು ತಪ್ಪು.

ನಿರೋಧಕ ತಳಿಗಳ ಹಿಂದಿನ ಕಥೆ ಸ್ವಾರಸ್ಯಕರವಾಗಿದೆ. ನಾವು ತಿನ್ನುವ ಟೊಮೆಟೊದಲ್ಲಿ ಈ ನಂಜಿಗೆ ತಡೆಯೇ ಇರಲಿಲ್ಲ. ದಕ್ಷಿಣ ಅಮೆರಿಕದ ಕಾಡು ಟೊಮೆಟೊ ಜಾತಿಗಳಿಂದ, ಉದಾಹರಣೆಗೆ ಸೊಲಾನಮ್ ಚಿಲೆನ್ಸ್‌ನಿಂದ ಟಿವೈ-1 ಮತ್ತು ಟಿವೈ-3 ವಂಶವಾಹಿಗಳನ್ನೂ ಸೊಲಾನಮ್ ಹ್ಯಾಬ್ರೊಕೈಟಿಸ್‌ನಿಂದ ಟಿವೈ-2ನ್ನೂ ಸಾಂಪ್ರದಾಯಿಕ ಸಂಕರಣದ ಮೂಲಕವೇ ತರಲಾಯಿತು. ಒಂದೇ ವಂಶವಾಹಿಯನ್ನು ನೆಚ್ಚಿದ ತಳಿಯನ್ನು ನಂಜು ಕಾಲಕ್ರಮದಲ್ಲಿ ಮೀರಬಲ್ಲದ್ದರಿಂದ, ಎರಡು–ಮೂರನ್ನು ಒಂದೇ ತಳಿಯಲ್ಲಿ ಕೂಡಿಸುವುದು ಈಗಿನ ತಳಿವಿಜ್ಞಾನಿಗಳ ದಾರಿ.

ಟೊಮೆಟೊ ಸಾಲುಗಳ ನಡುವೆ ಚೆಂಡುಹೂ ಹಾಕುವುದರಿಂದ ನಿಜಕ್ಕೂ ಉಪಯೋಗವಿದೆಯೇ?

ಇದೆ, ಆದರೆ ಲೆಕ್ಕ ತಪ್ಪಿದರೆ ಇಲ್ಲ. ಕಾಯಿಕೊರಕದ ಪತಂಗ ಟೊಮೆಟೊಗಿಂತ ಚೆಂಡುಹೂವಿನ ಮೇಲೆ ಮೊಟ್ಟೆಯಿಡಲು ಇಷ್ಟಪಡುತ್ತದೆ. ಟೊಮೆಟೊ ಹೂ ಬಿಡುವ ಹೊತ್ತಿಗೆ ಚೆಂಡುಹೂವೂ ಅರಳಿರಬೇಕಾದ್ದರಿಂದ, ಸುಮಾರು 45 ದಿನಗಳ ಚೆಂಡುಹೂ ಸಸಿಯನ್ನೂ 25 ದಿನಗಳ ಟೊಮೆಟೊ ಸಸಿಯನ್ನೂ ಒಟ್ಟಿಗೆ, 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವಿನಂತೆ ನಾಟಿ ಮಾಡಲು ಹೆಸರಘಟ್ಟದ ಸಂಸ್ಥೆ ಶಿಫಾರಸು ಮಾಡಿದೆ. ಎತ್ತರದ ಆಫ್ರಿಕನ್ ಚೆಂಡುಹೂವೇ ಬೇಕು. ಚೆಂಡುಹೂವೆಂಬ ಬಲೆಗೆ ಬಿದ್ದ ಹುಳುವನ್ನು ಅಲ್ಲೇ ಕೊಲ್ಲಬೇಕು. ಚೆಂಡುಹೂವಿನ ಸಾಲನ್ನು ಹಾಗೆಯೇ ಬಿಟ್ಟರೆ ಅದು ಹುಳುವಿನ ತವರಾಗುತ್ತದೆ.

ಎಲೆಯ ಮೇಲೆ ಹರಡಿದ ಬಿಳಿಚು ಗುಳ್ಳೆಯಂಥ ಕಲೆ, ಕಾಯಿಯ ತೊಟ್ಟಿನ ಬಳಿ ಸೂಜಿಮೊನೆಯಷ್ಟು ರಂಧ್ರ ಕಂಡರೆ ಅದು ಬೇರೆಯೇ ಕೀಟ. ಟ್ಯೂಟಾ ಆಬ್ಸೊಲ್ಯೂಟಾ ಎಂಬ ಈ ದಕ್ಷಿಣ ಅಮೆರಿಕದ ಪತಂಗ 2014ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾಯಿತು. ಇದಕ್ಕೆ ಚೆಂಡುಹೂವಿನ ಉಪಾಯ ನಾಟುವುದಿಲ್ಲ. ಲಿಂಗಾಕರ್ಷಕ ಬಲೆ, ಬಾಧಿತ ಎಲೆ ಕಿತ್ತು ನಾಶ ಮಾಡುವುದು, ಬೇವಿನ ಸಿಂಪರಣೆ ಇವುಗಳಿಂದ ಆರಂಭಿಸಬೇಕು.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಟೊಮೆಟೊಗೂ ಹೊಡೆಯಬಹುದೇ?

ಹೊಡೆಯಬಹುದು, ಶಿರಸಿ, ಸಿದ್ದಾಪುರದ ರೈತರಿಗೆ ಇದಕ್ಕಿಂತ ಕೈಗೆ ಹತ್ತಿರದ ಮದ್ದಿಲ್ಲ. ಅಡಿಕೆಯ ಕೊಳೆರೋಗವನ್ನು ತರುವುದೂ ಟೊಮೆಟೊದ ಕೊನೆಯ ಅಂಗಮಾರಿಯನ್ನು ತರುವುದೂ ಫೈಟಾಫ್ತೊರಾ ಕುಲದ ಜೀವಿಗಳೇ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗದ ಬಗ್ಗೆ ನಡೆಸಿದ ಅಧ್ಯಯನದಿಂದ ಬೋರ್ಡೋ ಅಡಿಕೆ ತೋಟಕ್ಕೆ ಕಾಲಿಟ್ಟಿತು. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲರಿಗೂ ಗೊತ್ತಿರುವ ಅಳತೆ. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಅಡಿಕೆ ಗೊನೆಯಷ್ಟು ಟೊಮೆಟೊ ಎಲೆ ಒರಟಲ್ಲ. ಎಳೆಯ ಸಸಿಗೆ ಸುಡುಗಲೆ ಬರಬಹುದಾದ್ದರಿಂದ ನಾಲ್ಕಾರು ಗಿಡಗಳಿಗೆ ಮೊದಲು ಹೊಡೆದು ನೋಡಬೇಕು. ಅಂಟು ಬೆರೆಸಿದರೂ ಅದೇ ದಿನ ಬಳಸಿ ಮುಗಿಸಬೇಕು, ಬೇರೆ ಕೀಟನಾಶಕದೊಂದಿಗೆ ಕೂಡಿಸಬಾರದು. ಕೊನೆಯ ಅಂಗಮಾರಿಗೆ ತಂಪು ಮತ್ತು ಒದ್ದೆ ಎಲೆ ಎರಡೂ ಬೇಕಾದ್ದರಿಂದ ಅದು ಘಟ್ಟದ ಮೇಲಿನವರ ತಲೆನೋವು. ಕರಾವಳಿಯಲ್ಲಿ ಹೆಚ್ಚು ಕಾಣುವುದು ಉಂಗುರ ಉಂಗುರವಾಗಿ ಕಂದು ಚುಕ್ಕೆ ಬೀಳುವ ಆರಂಭಿಕ ಅಂಗಮಾರಿ.

ಹಾಗಲ, ಹೀರೆ, ಸೌತೆಕಾಯಿಗಳು ಹುಳು ಬಿದ್ದು ಕೊಳೆಯುತ್ತವೆ. ಪ್ರತಿ ವಾರ ಔಷಧಿ ಹೊಡೆದರೂ ನಿಲ್ಲುವುದಿಲ್ಲ.

ಹಣ್ಣುನೊಣ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಚುಚ್ಚುತ್ತದೆ. ಹುಳು ಒಳಗೆ ಬೆಳೆಯುವುದರಿಂದ ಮೇಲಿನ ಸಿಂಪರಣೆ ಅದಕ್ಕೆ ತಾಗುವುದೇ ಇಲ್ಲ. ಹೂ ಬಿಡುವ ಮೊದಲೇ ಕ್ಯೂ-ಲ್ಯೂರ್ ಎಂಬ ಆಕರ್ಷಕವುಳ್ಳ ಬಲೆಗಳನ್ನು ಎಕರೆಗೆ ಸುಮಾರು ಹತ್ತರಂತೆ ಚಪ್ಪರದ ಎತ್ತರದಲ್ಲಿ ತೂಗಬೇಕು. ಮಾವಿನ ತೋಟಕ್ಕೆಂದು ಮಾರುವ ಮಿಥೈಲ್ ಯೂಜಿನಾಲ್ ಬಲೆ ಬಳ್ಳಿ ತರಕಾರಿಯ ನೊಣವನ್ನು ಸೆಳೆಯುವುದಿಲ್ಲ, ಕೊಳ್ಳುವಾಗ ಕೇಳಿ ಕೊಳ್ಳಿ. ಬಲೆಗೆ ಬೀಳುವುದು ಗಂಡುನೊಣ ಮಾತ್ರ. ಆದ್ದರಿಂದ ಒಬ್ಬರೇ ತೂಗಿದರೆ ಪಕ್ಕದ ಹಿತ್ತಲಿನಿಂದ ಗರ್ಭ ಕಟ್ಟಿದ ಹೆಣ್ಣುನೊಣ ಬರುತ್ತಲೇ ಇರುತ್ತದೆ. ಒಂದು ಕೇರಿಯವರೆಲ್ಲ ಸೇರಿ ಮಾಡಿದರೆ ಮಾತ್ರ ಫಲ ಕಾಣುತ್ತದೆ. ಉದುರಿದ ಕಾಯಿಯನ್ನು ಬೇಲಿಯಾಚೆ ಎಸೆಯುವ ಅಭ್ಯಾಸವೇ ಅರ್ಧ ಸಮಸ್ಯೆ: ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ. ಅಂಥ ಕಾಯಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ, ಇಲ್ಲವೇ ಆಳವಾಗಿ ಹೂಳಿ. ಮನೆಬಳಕೆಯ ಹಾಗಲಕ್ಕೆ ಎಳೆಗಾಯಿಯಲ್ಲೇ ಕಾಗದದ ಚೀಲ ಕಟ್ಟುವುದು ಎಲ್ಲಕ್ಕಿಂತ ಸುಲಭ.

ಬದನೆಯ ಕುಡಿ ಮತ್ತು ಕಾಯಿಕೊರಕಕ್ಕೆ? ಬಿಟಿ (ಕುಲಾಂತರಿ) ಬದನೆ ಬೆಳೆಯಬಹುದೇ?

ಬಾಡಿ ಬಾಗಿದ ಕುಡಿಯನ್ನು ವಾರಕ್ಕೊಮ್ಮೆ ಹುಳು ಸಮೇತ ಚಿವುಟಿ ಸುಡುವುದು ಮತ್ತು ಲಿಂಗಾಕರ್ಷಕ ಬಲೆ ತೂಗುವುದು ಮೂಲ ಕೆಲಸ. ಭಾರತದಲ್ಲಿ ಬಿಟಿ ಬದನೆಯ ವಾಣಿಜ್ಯ ಬಿಡುಗಡೆಗೆ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಬಾಂಗ್ಲಾದೇಶ 2013ರಲ್ಲಿ ಅನುಮತಿ ಕೊಟ್ಟಿದ್ದರೂ, ಇಲ್ಲಿ ಆ ಹೆಸರಿನಲ್ಲಿ ಯಾರಾದರೂ ಬೀಜ ಮಾರಿದರೆ ಅದು ಕಾನೂನುಬಾಹಿರ.

ಬೆಂಡೆಯ ಎಲೆನರ ಹಳದಿಯಾಗುತ್ತದೆ, ಹರಿವೆಯ ಎಲೆಯಡಿ ಬಿಳಿ ಗುಳ್ಳೆ ಏಳುತ್ತದೆ. ಎರಡಕ್ಕೂ ಒಂದೇ ಮದ್ದು ಸಾಕೇ?

ಸಾಲದು. ಬೆಂಡೆಯದು ಬಿಳಿ ನೊಣದಿಂದ ಬರುವ ನಂಜು; ಬೇಸಿಗೆಯ ಬಿತ್ತನೆಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಅರ್ಕಾ ಅನಾಮಿಕಾ ಒಂದು ಕಾಲಕ್ಕೆ ಇದನ್ನು ಚೆನ್ನಾಗಿ ತಡೆಯಿತು, ಈಗ ಅನೇಕ ಕಡೆ ಆ ಶಕ್ತಿ ಕುಂದಿದೆ. ಹರಿವೆಯದು ಬಿಳಿ ತುಕ್ಕು. ದಟ್ಟವಾಗಿ ಚೆಲ್ಲಿದ ಮಡಿ ಮತ್ತು ಸಂಜೆ ಎಲೆಯ ಮೇಲೆ ಸುರಿಯುವ ನೀರು ಅದಕ್ಕೆ ಕಾರಣ. ತಿಂಗಳೊಳಗೆ ಕಿತ್ತು ತಿನ್ನುವ ಸೊಪ್ಪಿಗೆ ಶಿಲೀಂಧ್ರನಾಶಕ ಹೊಡೆಯುವ ಪ್ರಶ್ನೆಯೇ ಬರಬಾರದು. ವಿರಳವಾಗಿ ಬಿತ್ತಿ, ಬೆಳಿಗ್ಗೆ ನೀರು ಕೊಟ್ಟರೆ ಸಾಕು.

ಮಾರ್ಚ್ ನಂತರ ಬಾವಿಯ ನೀರು ಸ್ವಲ್ಪ ಉಪ್ಪಾಗುತ್ತದೆ. ಯಾವ ತರಕಾರಿ ತಾಳುತ್ತದೆ?

ತರಕಾರಿಗಳಲ್ಲಿ ಉಪ್ಪು ತಾಳುವ ಶಕ್ತಿ ಬೇರೆ ಬೇರೆ. ಉಪ್ಪಿನ ಪ್ರಮಾಣವನ್ನು ತೋರಿಸುವ, ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆ ಮೀಟರಿಗೆ 2.5 ಡೆಸಿಸೀಮನ್ಸ್ ದಾಟಿದ ಮೇಲೆ ಟೊಮೆಟೊ ಇಳುವರಿ ಇಳಿಯತೊಡಗಿ, ಅಲ್ಲಿಂದ ಪ್ರತಿ ಒಂದು ಏರಿಕೆಗೆ ಸುಮಾರು ಹತ್ತನೆಯ ಒಂದು ಭಾಗ ಕಡಿಮೆಯಾಗುತ್ತದೆ. ಬೀನ್ಸ್‌ಗೆ 1.0, ಈರುಳ್ಳಿಗೆ 1.2 ದಾಟಿದರೇ ತೊಂದರೆ. ಕುಮಟಾದ ಸಿಹಿ ಈರುಳ್ಳಿ ಸಮುದ್ರಕ್ಕೆ ಇಷ್ಟು ಹತ್ತಿರದಲ್ಲಿ ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಮಳೆಗಾಲದ ನೀರು ಉಪ್ಪನ್ನೆಲ್ಲ ತೊಳೆದುಹಾಕಿದ ಮೇಲೆ, ಭತ್ತ ಕೊಯ್ದ ಮರಳು ಮಿಶ್ರಿತ ಗದ್ದೆಯಲ್ಲಿ ಅದನ್ನು ನೆಟ್ಟು, ಬೇಸಿಗೆ ಮುಗಿಯುವ ಮೊದಲೇ ಕಿತ್ತು ಹೆದ್ದಾರಿಯ ಬದಿಯಲ್ಲಿ ಗೊಂಚಲು ಕಟ್ಟಿ ತೂಗುತ್ತಾರೆ. ಕಾಲದ ಆಯ್ಕೆಯೇ ಅಲ್ಲಿ ಬೆಳೆಯನ್ನು ಕಾಯುತ್ತದೆ. ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ, ಅಳಿವೆಯಂಚಿನ ಉಪ್ಪುನೀರಿನ ಗಜನಿ ಭೂಮಿ ಮಾತ್ರ ತರಕಾರಿಗೆ ತಕ್ಕುದಲ್ಲ. ನೀರು ಅಲ್ಪ ಉಪ್ಪಾಗಿದ್ದರೆ ಎಲೆಯ ಮೇಲೆ ಸಿಂಪಡಿಸದೆ ಬುಡಕ್ಕೆ ಹನಿ ನೀರಾವರಿಯಲ್ಲಿ ಕೊಡಿ, ಹೊದಿಕೆ ಹಾಕಿ, ಬಾವಿಯನ್ನು ಒಂದೇ ಸಲ ತಳ ಕಾಣುವಂತೆ ಪಂಪ್ ಮಾಡಬೇಡಿ.

ಮಳೆಗಾಲದಲ್ಲಿ ಟೊಮೆಟೊ ದರ ಏರುತ್ತದೆ. ಮಳೆ ಆಸರೆ ಕಟ್ಟಿ ಬೆಳೆದರೆ ಲಾಭವೇ?

200 ಮೈಕ್ರಾನ್ ದಪ್ಪದ, ಬಿಸಿಲು ತಾಳುವ ಪಾಲಿಥೀನನ್ನು ಚಾವಣಿಗೆ ಮಾತ್ರ ಹೊದೆಸಿ ಬದಿಗಳನ್ನು ತೆರೆದಿಟ್ಟ ಆಸರೆಯಲ್ಲಿ ಎಲೆ ಒದ್ದೆಯಾಗದು, ರೋಗವೂ ಕಡಿಮೆ. ಆದರೆ ಜೂನ್–ಜುಲೈಯ ಮೋಡದಲ್ಲಿ ಬೆಳಕಿನ ಕೊರತೆಯನ್ನು ಯಾವ ಹೊದಿಕೆಯೂ ತುಂಬಲಾರದು. ಗಾಳಿಗೆ ಪಾಲಿಥೀನ್ ಹರಿಯುವುದೂ ಉಂಟು. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಕಡೆ ಆ ಜಾಗವನ್ನು ಸಸಿ ಬೆಳೆಸಲು, ಕೊತ್ತಂಬರಿ, ಹರಿವೆಯಂಥ ಸೊಪ್ಪಿಗೆ ಬಳಸುವುದು ಟೊಮೆಟೊಗಿಂತ ಖಚಿತವಾದ ಆದಾಯ. ಮುಚ್ಚಿದ ಪಾಲಿಹೌಸ್ ಕರಾವಳಿಯ ಸೆಕೆಗೆ ಹೊಂದುವುದಿಲ್ಲ.

ಟೊಮೆಟೊ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದೇ?

ಸಂಕರಣವಲ್ಲದ ತಳಿಯಾದರೆ ಧಾರಾಳವಾಗಿ. ಟೊಮೆಟೊ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ಆರೋಗ್ಯವಂತ ಗಿಡದ ಚೆನ್ನಾಗಿ ಹಣ್ಣಾದ ಕಾಯಿಯ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ. ಬೀಜದ ಮೇಲಿನ ಬ್ಯಾಕ್ಟೀರಿಯಾ ಚುಕ್ಕೆ ರೋಗವನ್ನು ಕಳೆಯಲು 50 ಡಿಗ್ರಿ ನೀರಿನಲ್ಲಿ 25 ನಿಮಿಷ ಅದ್ದುವ ವಿಧಾನವಿದೆ. ಉಷ್ಣತಾಮಾಪಕ ಇಲ್ಲದೆ ಅಂದಾಜಿನಲ್ಲಿ ಮಾಡಿದರೆ ಮೊಳಕೆಯೇ ಹೋಗುತ್ತದೆ.

ಔಷಧಿ ಹೊಡೆದ ಎಷ್ಟು ದಿನಗಳ ಮೇಲೆ ಕೊಯ್ಯಬಹುದು?

ಡಬ್ಬಿಯ ಮೇಲೆ ಆ ಬೆಳೆಗೆಂದು ನಮೂದಿಸಿದ ಕಾಯುವ ಅವಧಿಯನ್ನೇ ಪಾಲಿಸಬೇಕು. ಆ ಬೆಳೆಯ ಹೆಸರೇ ಡಬ್ಬಿಯ ಮೇಲೆ ಇಲ್ಲದಿದ್ದರೆ ಅದನ್ನು ಬಳಸಬಾರದು. ಎರಡು–ಮೂರು ದಿನಕ್ಕೊಮ್ಮೆ ಕೊಯ್ಯುವ ಬೆಂಡೆ, ಬದನೆ, ಟೊಮೆಟೊಗೆ ಕಾಯುವ ಅವಧಿ ಉದ್ದವಿರುವ ಔಷಧಿ ಆಯ್ದುಕೊಂಡರೆ ಒಂದು ಕೊಯ್ಲನ್ನು ಕಳೆದುಕೊಳ್ಳಲು ಸಿದ್ಧರಿರಬೇಕು. ಡಬ್ಬಿಯ ತ್ರಿಕೋನದ ಬಣ್ಣ ಕೆಂಪಾಗಿದ್ದರೆ ಅತಿ ವಿಷ, ಹಸಿರಾಗಿದ್ದರೆ ಕಡಿಮೆ. ನಡುವೆ ಹಳದಿ, ನೀಲಿ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗೆ ಬಳಸುವುದಕ್ಕೆ 2005ರಿಂದಲೇ ನಿಷೇಧವಿದೆ. ಹಳೆಯ ಡಬ್ಬಿ ಕೊಟ್ಟಿಗೆಯ ಅಟ್ಟದಲ್ಲಿ ಇದೆಯೆಂದು ಅದನ್ನು ಮುಗಿಸುವ ಮನಸ್ಸು ಮಾಡಬಾರದು.

ರೋಗದ ಗಿಡ ಅಥವಾ ಮಣ್ಣನ್ನು ಯಾರಿಗೆ ತೋರಿಸಬೇಕು?

ಶಿರಸಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ವಿಜ್ಞಾನ ಕೇಂದ್ರವೂ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ತೋಟಗಾರಿಕೆ ಮಹಾವಿದ್ಯಾಲಯವೂ ಇವೆ. ತಾಲ್ಲೂಕುಗಳಲ್ಲಿ ತೋಟಗಾರಿಕೆ ಇಲಾಖೆಯ ಕಚೇರಿ ಮತ್ತು ರೈತ ಸಂಪರ್ಕ ಕೇಂದ್ರಗಳಿವೆ. ಒಣಗಿ ಕಡ್ಡಿಯಾದ ಗಿಡದಿಂದ ಯಾರೂ ಏನನ್ನೂ ಹೇಳಲಾರರು. ಆಗಷ್ಟೇ ಬಾಡತೊಡಗಿದ ಗಿಡವನ್ನು ಬೇರು ಮತ್ತು ಹಿಡಿ ಮಣ್ಣಿನ ಸಮೇತ ಕಿತ್ತು, ಕಾಗದದಲ್ಲಿ ಸುತ್ತಿ, ಅದೇ ದಿನ ಒಯ್ಯಿರಿ. ಒದ್ದೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆಯುತ್ತದೆ. ಮಣ್ಣು ಪರೀಕ್ಷೆಗೆ ಗೊಬ್ಬರ ಹಾಕುವ ಮೊದಲೇ, ಗದ್ದೆಯ ಹತ್ತಾರು ಕಡೆಯಿಂದ ಗೇಣುದ್ದದ ಆಳದವರೆಗೆ ತೆಗೆದ ಮಣ್ಣನ್ನು ಕೂಡಿಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟು ಕೊಡಬೇಕು. ಗೊಬ್ಬರದ ಗುಂಡಿಯ ಬದಿ, ಬದುವಿನ ಅಂಚು, ಮರದ ನೆರಳಿನ ಜಾಗಗಳ ಮಣ್ಣು ಅದರಲ್ಲಿ ಸೇರಬಾರದು. ಹಿಂದಿನ ಎರಡು ವರ್ಷ ಆ ಜಾಗದಲ್ಲಿ ಏನು ಬೆಳೆದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಸೊರಗು ರೋಗದ ವಿಷಯದಲ್ಲಿ ಅವರು ಮೊದಲು ಕೇಳುವುದು ಅದನ್ನೇ.